ಒಕ್ಕಲೆಬ್ಬಿಸು: ಈ ಮಾತು ಎಲ್ಲಿ ಸಲ್ಲುತ್ತದೆ, ಎಲ್ಲಿ ಸಲ್ಲುವುದಿಲ್ಲ

‘ಬಗರ್‌ಹುಕುಂ ಸಾಗುವಳಿದಾರರನ್ನು ಒಕ್ಕಲೆಬ್ಬಿಸುವುದಿಲ್ಲ’ ಅಂತ ಮಂತ್ರಿಗಳು ಹೇಳುತ್ತಾರೆ. ‘ಕಾಡಿನ ಜನರನ್ನು ಒಕ್ಕಲೆಬ್ಬಿಸುವ ಹುನ್ನಾರ’ ಅಂತ ಸಂಘಟನೆಯವರು ಪತ್ರಿಕಾಗೋಷ್ಠಿ ಕರೆಯುತ್ತಾರೆ. ಮಲೆನಾಡಿನ ಕಡೆಯ ಪತ್ರಿಕೆ ಓದುವವರಿಗೆ ಈ ಪದ ದಿನದ ಕಾಫಿಯಷ್ಟೇ ಮಾಮೂಲು. ಆದರೆ ಬೆಂಗಳೂರಿನ ಮನೆ ಓನರ್ ಯಾರೂ ಬಾಡಿಗೆದಾರನ ಮುಂದೆ ನಿಂತು ‘ನಿಮ್ಮನ್ನು ಒಕ್ಕಲೆಬ್ಬಿಸುತ್ತೇನೆ’ ಅನ್ನುವುದಿಲ್ಲ. ‘ಮಗ ಬರ್ತಿದಾನೆ, ಮನೆ ನಮಗೇ ಬೇಕು, ಮುಂದಿನ ತಿಂಗಳು ಬಿಟ್ಕೊಡಿ’ ಅನ್ನುತ್ತಾರೆ. ಹೇಗೆ ಹೇಳಿದರೂ ಇದ್ದವರು ಎದ್ದು ಹೋಗಲೇಬೇಕು. ಹಾಗಾದರೆ ಒಂದು ಕಡೆ ಆ ಪದ, ಇನ್ನೊಂದು ಕಡೆ ಈ ಪದ ಯಾಕೆ? ಇಂಗ್ಲಿಷಿನ ‘ಇವಿಕ್ಷನ್’ ಎಂಬ ಒಂದೇ ಪದ ಎಲ್ಲದಕ್ಕೂ ನಡೆಯುತ್ತದೆ. ಕನ್ನಡದಲ್ಲಿ ಹಾಗೆ ನಡೆಯುವುದಿಲ್ಲ.

ಪದವನ್ನು ಬಿಡಿಸುವುದು ಸುಲಭ. ಒಕ್ಕಲು + ಎಬ್ಬಿಸು. ಸ್ವರದ ಮುಂದೆ ಸ್ವರ ಬಂದು ‘ಉ’ ಬಿದ್ದು ಹೋಗಿದೆ, ಶಾಲೆಯಲ್ಲಿ ಕಲಿತ ಲೋಪಸಂಧಿ. ಎಬ್ಬಿಸುವುದು ಅಂದರೆ ಕೂತವರನ್ನೋ ಮಲಗಿದವರನ್ನೋ ಏಳುವಂತೆ ಮಾಡುವುದು. ಅದರಲ್ಲಿ ತೊಡಕೇನಿಲ್ಲ. ತೊಡಕು ಇರುವುದು ‘ಒಕ್ಕಲು’ ಎಂಬಲ್ಲಿ.

ಒಕ್ಕಲು ಅಂದರೆ ಏನು ಅಂತ ನಾಲ್ಕು ಊರಿನವರನ್ನು ಕೇಳಿದರೆ ನಾಲ್ಕು ಉತ್ತರ ಸಿಗುತ್ತದೆ. ಉತ್ತರ ಕರ್ನಾಟಕದವರಿಗೆ ಒಕ್ಕಲುತನ ಅಂದರೆ ಬೇಸಾಯ. ಕರಾವಳಿ, ಮಲೆನಾಡಿನ ಕಡೆ ಹೊಸ ಮನೆ ಕಟ್ಟಿ ಹಾಲುಕ್ಕಿಸಿದರೆ ಅದು ‘ಮನೆ ಒಕ್ಕಲು’, ತುಳುವಿನಲ್ಲಿ ‘ಇಲ್ಲೊಕ್ಕೆಲ್’. ಇನ್ನು ಕೆಲವರಿಗೆ ಒಕ್ಕಲು ಅಂದರೆ ಧಣಿಯ ಜಮೀನು ಗೇಣಿಗೆ ಮಾಡುವ ಸಂಸಾರ. ದೇವರಿಗೂ ಒಕ್ಕಲುಗಳಿದ್ದಾರೆ, ‘ನಾವು ಇಂಥ ದೇವರ ಒಕ್ಕಲು’ ಅಂತ ಹೇಳಿಕೊಳ್ಳುವ ಮನೆತನಗಳು ಎಷ್ಟೋ. ಊರನ್ನು ಎಣಿಸುವ ಲೆಕ್ಕವೂ ಹೌದು. ಕೊಡಗಿನಲ್ಲಿ ಅರುವತ್ತೊಕ್ಕಲು, ಮೂವತ್ತೊಕ್ಕಲು ಎಂಬ ಊರುಗಳೇ ಇವೆ. ತಲೆ ಎಣಿಸದೆ ಒಲೆ ಎಣಿಸಿದ ಹಾಗೆ. ಕೊಡವರ ‘ಒಕ್ಕ’ ಅಂದರೆ ಒಂದೇ ಮೂಲದ ಮನೆತನ. ತಮಿಳಿನಲ್ಲಿ ‘ಒಕ್ಕಲ್’ ಅಂದರೆ ನೆಂಟರಿಷ್ಟರು.

ಇಷ್ಟನ್ನೂ ಒಟ್ಟಿಗೆ ಇಟ್ಟು ನೋಡಿದರೆ ಒಂದು ವಿಷಯ ಕಾಣುತ್ತದೆ. ವಾಸ, ಸಂಸಾರ, ದುಡಿಮೆ, ಆ ನೆಲದ ಜೊತೆಗಿನ ನಂಟು, ಎಲ್ಲವೂ ಒಂದೇ ಪದದೊಳಗಿವೆ. ಒಕ್ಕಲೆಬ್ಬಿಸಿದಾಗ ಈ ನಾಲ್ಕೂ ಒಟ್ಟಿಗೆ ಏಳುತ್ತವೆ. ಬಾಡಿಗೆ ಮನೆ ಬಿಟ್ಟ ಸಾಫ್ಟ್‌ವೇರ್ ಹುಡುಗ ಮರುದಿನ ಅದೇ ಆಫೀಸಿಗೆ ಹೋಗುತ್ತಾನೆ. ಗೇಣಿ ಕಳೆದುಕೊಂಡ ರೈತನಿಗೆ ಮರುದಿನ ಹೋಗಲು ಎಲ್ಲೂ ಇಲ್ಲ. ಮಾಲೀಕರು ಮೊದಲನೆಯವನಿಗೆ ಹೇಳಿದ್ದು ‘ಖಾಲಿ ಮಾಡಿ’ ಅಂತ, ಎರಡನೆಯವನಿಗೆ ಆದದ್ದು ಒಕ್ಕಲೆಬ್ಬಿಸುವಿಕೆ.

ಇದಕ್ಕೆ ವ್ಯಾಕರಣದಲ್ಲೇ ಒಂದು ಸಾಕ್ಷಿ ಇದೆ. ಖಾಲಿ ಮಾಡಿಸುವುದು ಮನೆಯನ್ನು. ತೆರವು ಮಾಡುವುದು ಜಾಗವನ್ನು ಅಥವಾ ಒತ್ತುವರಿಯನ್ನು. ಒಕ್ಕಲೆಬ್ಬಿಸುವುದು ಮಾತ್ರ ಜನರನ್ನು. ‘ಮನೆಯನ್ನು ಒಕ್ಕಲೆಬ್ಬಿಸಿದರು’ ಅಂದರೆ ಕಿವಿ ಒಪ್ಪುವುದಿಲ್ಲ ಅಲ್ವಾ? ಕ್ರಿಯಾಪದ ಬದಲಾದರೆ ಸುದ್ದಿಯೊಳಗಿಂದ ಮನುಷ್ಯರು ಮಾಯವಾಗಬಹುದು. 2013ರ ಜನವರಿಯಲ್ಲಿ ಬೆಂಗಳೂರಿನ ಈಜಿಪುರದಲ್ಲಿ ಬಡವರ ವಸತಿ ಸಮುಚ್ಚಯದ ಜಾಗದಿಂದ 1500ರಷ್ಟು ಕುಟುಂಬಗಳನ್ನು ಎಬ್ಬಿಸಿ, ಶೆಡ್ಡುಗಳನ್ನು ನೆಲಸಮ ಮಾಡಿದರು. ಅದನ್ನು ‘ತೆರವು ಕಾರ್ಯಾಚರಣೆ’ ಅಂದರೆ ಕಣ್ಣಮುಂದೆ ಬರುವುದು ಜೆಸಿಬಿ, ಮಣ್ಣು, ಖಾಲಿ ಜಾಗ. ‘ಒಕ್ಕಲೆಬ್ಬಿಸಿದರು’ ಅಂದರೆ ಪಾತ್ರೆ ಗಂಟು ಹೊತ್ತು ರಸ್ತೆ ಬದಿ ಕೂತವರು ಕಾಣುತ್ತಾರೆ. ಅಧಿಕಾರಿಗಳ ಪ್ರಕಟಣೆಗಳಲ್ಲಿ ‘ತೆರವು’ ಯಾಕೆ ಜಾಸ್ತಿ, ಹೋರಾಟಗಾರರ ಕರಪತ್ರಗಳಲ್ಲಿ ‘ಒಕ್ಕಲೆಬ್ಬಿಸು’ ಯಾಕೆ ಜಾಸ್ತಿ ಅನ್ನುವುದಕ್ಕೆ ಬೇರೆ ವಿವರಣೆ ಬೇಕಿಲ್ಲ. ಈಚೆಗೆ ‘ನಿವಾಸಿಗಳನ್ನು ತೆರವುಗೊಳಿಸಲಾಯಿತು’ ಅಂತಲೂ ಬರೆಯುತ್ತಾರೆ. ನನಗಂತೂ ಅದು ಗುಜರಿ ಸಾಮಾನು ಸಾಗಿಸಿದ ಹಾಗೆ ಕೇಳಿಸುತ್ತದೆ.

ಈ ಪದಕ್ಕೆ ಇಷ್ಟು ತೂಕ ಬಂದದ್ದು ಗದ್ದೆಯಿಂದ. ಆ ಕಥೆಯನ್ನು ಸ್ವಲ್ಪ ನಿಧಾನವಾಗಿ ನೋಡಬೇಕು.

ಹಳೆಯ ಗೇಣಿ ಪದ್ಧತಿಯಲ್ಲಿ ಒಕ್ಕಲುಗಳೆಲ್ಲ ಒಂದೇ ದರ್ಜೆಯವರಲ್ಲ. ಕರಾವಳಿಯಲ್ಲಿ ಮೂಲಗೇಣಿ, ಚಾಲಗೇಣಿ ಅಂತ ಎರಡು ಮುಖ್ಯ ಬಗೆ. ಮೂಲಗೇಣಿದಾರನದು ತಲೆಮಾರಿನಿಂದ ತಲೆಮಾರಿಗೆ ಇಳಿಯುವ ಹಕ್ಕು. ಗೇಣಿ ನಿಗದಿಯಾಗಿರುತ್ತಿತ್ತು, ಅದನ್ನು ಕೊಡುತ್ತಿದ್ದಷ್ಟು ಕಾಲ ಅವನನ್ನು ಅಲ್ಲಾಡಿಸುವುದು ಕಷ್ಟ. ಚಾಲಗೇಣಿದಾರನ ಪಾಡು ಬೇರೆ. ಧಣಿಯ ಮರ್ಜಿ ಇರುವವರೆಗೆ ಗದ್ದೆ, ಮರ್ಜಿ ತಪ್ಪಿದರೆ ಮುಂದಿನ ಮಳೆಗಾಲಕ್ಕೆ ಇನ್ನೊಬ್ಬನ ನೇಗಿಲು. ಉತ್ತರ ಕರ್ನಾಟಕದಲ್ಲಿ ಗೇಣಿಗೆ ‘ಲಾವಣಿ’ ಅನ್ನುವ ಮಾತಿದೆ, ಬೆಳೆ ಹಂಚಿಕೊಳ್ಳುವ ಕರಾರಿಗೆ ‘ಪಾಲು’, ‘ಕೋರು’ ಎಂಬ ಹೆಸರುಗಳಿವೆ. ಯಾವ ಹೆಸರಾದರೂ ಕಾಗದ ಇರುತ್ತಿದ್ದದ್ದು ಕಡಿಮೆ. ಮಾತೇ ಕರಾರು. ಮಾತಿಗೆ ಸಾಕ್ಷಿ ಇಲ್ಲದ ಕಡೆ ಎಬ್ಬಿಸುವುದು ಬಹಳ ಸುಲಭ.

ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಜಗಳ ಶುರುವಾದದ್ದು ಒಂದು ಅಳತೆಯ ಪಾತ್ರೆಯಿಂದ. ಸುಗ್ಗಿ ಮುಗಿದ ಮೇಲೆ ಗೇಣಿ ಭತ್ತ ಅಳೆಯುವುದು ಕೊಳಗದಲ್ಲಿ. ಇಷ್ಟು ಗೇಣಿಗೆ ಇಷ್ಟು ಕೊಳಗ ಅಂತ ಲೆಕ್ಕ. ಆದರೆ ಧಣಿಗಳ ಮನೆಯ ಕೊಳಗ ವಾಡಿಕೆಯ ಕೊಳಗಕ್ಕಿಂತ ದೊಡ್ಡದು. ಲೆಕ್ಕದಲ್ಲಿ ಸಂಖ್ಯೆ ಅಷ್ಟೇ, ಕಣದಿಂದ ಹೋಗುವ ಭತ್ತ ಮಾತ್ರ ಜಾಸ್ತಿ. ಅಳತೆ ಸರಿಯಾಗಿರಲಿ, ಕೊಟ್ಟ ಗೇಣಿಗೆ ರಸೀದಿ ಕೊಡಿ, ಬಿಟ್ಟಿ ದುಡಿಮೆ ನಿಲ್ಲಲಿ ಎಂದು ಒಕ್ಕಲುಗಳು ಕೇಳಿದರು. ಅವರಲ್ಲಿ ಹೆಚ್ಚಿನವರು ದೀವರ ಸಮುದಾಯದವರು. ಈ ಒಕ್ಕಲುಗಳನ್ನು ಸಂಘಟಿಸಿದವರು ಎಚ್. ಗಣಪತಿಯಪ್ಪ.

ರಸೀದಿ ಕೇಳಿದ್ದು ಸಣ್ಣ ವಿಷಯ ಅನ್ನಿಸಬಹುದು. ಆದರೆ ರಸೀದಿ ಕೊಟ್ಟರೆ ‘ಇವನು ನನ್ನ ಒಕ್ಕಲು’ ಅಂತ ಧಣಿಯೇ ಬರೆದುಕೊಟ್ಟ ಹಾಗೆ. ಆಮೇಲೆ ಅವನನ್ನು ಸುಮ್ನೆ ಎಬ್ಬಿಸಲು ಬರುವುದಿಲ್ಲ. ಹಾಗಾಗಿ ಉತ್ತರ ಬೇರೆ ರೀತಿ ಬಂತು: ಈ ಸಲ ಗದ್ದೆ ಉಳಬೇಡಿ. ಒಕ್ಕಲೆಬ್ಬಿಸುವುದು ಅಂದರೆ ಅಲ್ಲಿ ಗುಡಿಸಲು ಸುಡುವುದಲ್ಲ, ಗದ್ದೆಗೆ ಇಳಿಯಬೇಡ ಅನ್ನುವುದು. 1951ರ ಏಪ್ರಿಲ್‌ನಲ್ಲಿ ರೈತರು ನೇಗಿಲು ಹೊತ್ತು ಅದೇ ಗದ್ದೆಗಳಿಗೆ ಇಳಿದರು. ಉಳುವುದೇ ಸತ್ಯಾಗ್ರಹ, ಉತ್ತವರ ಬಂಧನ. ತಂಡದ ಮೇಲೆ ತಂಡ ಜೈಲಿಗೆ ಹೋಯಿತು. ಸಮಾಜವಾದಿ ಪಕ್ಷ ಜೊತೆಗೆ ನಿಂತಿತು. ಜೂನ್‌ನಲ್ಲಿ ರಾಮಮನೋಹರ ಲೋಹಿಯಾ ಬಂದರು, ಅವರನ್ನೂ ಬಂಧಿಸಿದರು. ಈ ಹೋರಾಟದಿಂದ ಮೇಲೆ ಬಂದ ಶಾಂತವೇರಿ ಗೋಪಾಲಗೌಡರು 1952ರ ಚುನಾವಣೆಯಲ್ಲಿ ಗೆದ್ದು ವಿಧಾನಸಭೆಗೆ ಹೋದರು.

ಕಾನೂನು ಬರಲು ಇನ್ನೂ ಹೊತ್ತು ಹಿಡಿಯಿತು. 1961ರ ಭೂಸುಧಾರಣಾ ಕಾಯ್ದೆ ಜಾರಿಗೆ ಬಂದದ್ದೇ 1965ರ ಅಕ್ಟೋಬರ್ 2ರಂದು. ಅದರಲ್ಲೂ ದೊಡ್ಡ ಕಿಂಡಿಯೊಂದಿತ್ತು. ‘ನಾನೇ ಸ್ವಂತ ಬೇಸಾಯ ಮಾಡುತ್ತೇನೆ’ ಅಂದರೆ ಮಾಲೀಕರು ಒಂದಷ್ಟು ಜಮೀನು ವಾಪಸು ಕೇಳಬಹುದಿತ್ತು. ಒಕ್ಕಲು ತಾನಾಗಿಯೇ ಬಿಟ್ಟುಕೊಟ್ಟ ಅಂತ ಬರೆಸಿಕೊಂಡರೆ ಮುಗಿಯಿತು. ಧಣಿಯ ಚಾವಡಿಯಲ್ಲಿ ಕೈಕಟ್ಟಿ ನಿಂತವನು ಎಷ್ಟು ‘ತಾನಾಗಿಯೇ’ ಬಿಟ್ಟಾನು ಹೇಳಿ. ರೈತರಿಗೆ ಹಕ್ಕು ಬರುತ್ತದೆ ಎಂಬ ಸುದ್ದಿ ಹಬ್ಬಿದಾಗೆಲ್ಲ ಎಬ್ಬಿಸುವ ಭರಾಟೆಯೂ ಏರುತ್ತದೆ. ನಮ್ಮಲ್ಲಿ ಮಾತ್ರ ಅಲ್ಲ, ಭೂಸುಧಾರಣೆ ನಡೆದ ಕಡೆಗಳಲ್ಲೆಲ್ಲ ಈ ಮಾತಿದೆ.

ನಿಜವಾದ ತಿರುವು ದೇವರಾಜ ಅರಸು ಅವರ ಕಾಲದ ತಿದ್ದುಪಡಿ. 1974ರ ಮಾರ್ಚ್ 1ರಂದು ಗೇಣಿಯಲ್ಲಿದ್ದ ಕೃಷಿ ಜಮೀನೆಲ್ಲ ಸರ್ಕಾರಕ್ಕೆ ಸೇರಿತು. ಉಳುತ್ತಿದ್ದವರು ನಮೂನೆ 7ರಲ್ಲಿ ಅರ್ಜಿ ಹಾಕಬೇಕು. ತಾಲ್ಲೂಕಿನ ಭೂ ನ್ಯಾಯಮಂಡಳಿ ವಿಚಾರಣೆ ಮಾಡಿ, ನಿಜ ಅಂತ ಕಂಡರೆ ಆ ಜಮೀನು ಅವರ ಹೆಸರಿಗೆ. ನ್ಯಾಯಮಂಡಳಿಯಲ್ಲಿ ಅಧಿಕಾರಿಯ ಜೊತೆ ಸರ್ಕಾರ ನೇಮಿಸಿದ ಸಾರ್ವಜನಿಕ ಸದಸ್ಯರೂ ಇದ್ದರು. ಶುರುವಿನಲ್ಲಿ ವಕೀಲರಿಗೆ ಪ್ರವೇಶವೇ ಇರಲಿಲ್ಲ. ಓದು ಬರಹ ಬಾರದ ರೈತ, ಪೇಟೆಯಿಂದ ವಕೀಲರನ್ನು ಕರೆತರುವ ಧಣಿಯ ಎದುರು ಸೋಲಬಾರದು ಅನ್ನುವುದು ಲೆಕ್ಕಾಚಾರ. ಅರ್ಜಿ ಹಾಕುವ ಗಡುವು ಮುಂದೆ ಹೋಗುತ್ತಾ ಹೋಗುತ್ತಾ 1979ರ ಜೂನ್ 30ಕ್ಕೆ ನಿಂತಿತು. ಬಂದ ಅರ್ಜಿಗಳು 8 ಲಕ್ಷದಷ್ಟು.

ಅಲ್ಲಿ ಗೆಲ್ಲಿಸುತ್ತಿದ್ದದ್ದು, ಸೋಲಿಸುತ್ತಿದ್ದದ್ದು ಹೆಚ್ಚಾಗಿ ಪಹಣಿಯ ಒಂದು ಅಂಕಣ. ಇವತ್ತಿನ ಪಹಣಿ ತೆಗೆದು ನೋಡಿ. 9ನೇ ಕಾಲಂನಲ್ಲಿ ಮಾಲೀಕರ ಹೆಸರು, 12ನೇ ಕಾಲಂನಲ್ಲಿ ಸಾಗುವಳಿ ಮಾಡುವವರ ಹೆಸರು. ಆ ಸಾಗುವಳಿ ಅಂಕಣದಲ್ಲಿ ಒಕ್ಕಲಿನ ಹೆಸರು ಇದ್ದರೆ ಅರ್ಧ ಗೆದ್ದ ಹಾಗೆ. ಇಲ್ಲದಿದ್ದರೆ ಅಕ್ಕಪಕ್ಕದ ಗದ್ದೆಯವರು ಬಂದು ಸಾಕ್ಷಿ ಹೇಳಬೇಕು, ಅವರೂ ಅದೇ ಧಣಿಯ ಒಕ್ಕಲಾಗಿದ್ದರೆ ಬಾಯಿ ಬಿಡುವುದು ಅನುಮಾನ. ಶ್ಯಾನುಭೋಗರು ಪೆನ್ಸಿಲ್ಲಿನಲ್ಲಿ ಬರೆದಿದ್ದೋ, ಬರೆಯದೇ ಬಿಟ್ಟದ್ದೋ ಒಂದು ಸಂಸಾರದ ಹಣೆಬರಹವಾಯಿತು.

ಆ ಕಾಯ್ದೆಯ ನೆರಳು ಇನ್ನೂ ಇದೆ. ಕೃಷಿ ಜಮೀನು ಗೇಣಿಗೆ ಕೊಡುವುದನ್ನೇ ಅದು ನಿಲ್ಲಿಸಿತು; ಸೈನಿಕರು, ಹಡಗಿನಲ್ಲಿ ದುಡಿಯುವವರು ಇಂಥ ಕೆಲವರಿಗಷ್ಟೇ ವಿನಾಯಿತಿ. ಕಾಗದದಲ್ಲಿ ನಿಂತಿತು, ಹೊಲದಲ್ಲಿ ನಿಲ್ಲಲಿಲ್ಲ. ಪೇಟೆ ಸೇರಿದವರ ಜಮೀನನ್ನು ಊರಿನವರು ಈಗಲೂ ಮಾಡುತ್ತಾರೆ, ಬರೀ ಬಾಯಿಮಾತಿನಲ್ಲಿ. ‘ಒಬ್ಬನಿಗೇ ಬಿಟ್ಟರೆ ಹಕ್ಕು ಕೇಳ್ತಾನೆ’ ಎಂಬ ಭಯಕ್ಕೆ ಎರಡು ಮೂರು ವರ್ಷಕ್ಕೊಮ್ಮೆ ಆಳು ಬದಲಾಯಿಸುವವರೂ ಇದ್ದಾರೆ. ಒಕ್ಕಲನ್ನು ಕಾಪಾಡಲು ಬಂದ ಕಾನೂನು ಈಗಿನ ಗೇಣಿದಾರನನ್ನು ಕಾಗದದಿಂದಲೇ ಅಳಿಸಿಬಿಟ್ಟಿದೆ. ಬೆಳೆ ಪರಿಹಾರ ಬಂದರೆ ದುಡ್ಡು ಹೋಗುವುದು ಪಹಣಿಯಲ್ಲಿ ಹೆಸರಿರುವವರ ಖಾತೆಗೆ. ಮೂಲಗೇಣಿದಾರರ ಕಥೆ ಬೇರೆಯಾಗಿಯೇ ನಡೆಯಿತು, ಅವರಿಗೆ ಒಡೆತನ ಕೊಡಲು 2011ರಲ್ಲಿ ಪ್ರತ್ಯೇಕ ಕಾಯ್ದೆ ಮಾಡಬೇಕಾಯಿತು.

ಇಲ್ಲಿ ಒಂದು ತಕರಾರು ಬರುತ್ತದೆ. ಬಗರ್‌ಹುಕುಂ ರೈತ ಯಾರ ಒಕ್ಕಲೂ ಅಲ್ಲ. ಹುಕುಂ ಇಲ್ಲದೆ, ಅಂದರೆ ಮಂಜೂರಾತಿ ಇಲ್ಲದೆ ಸರ್ಕಾರಿ ಜಮೀನು ಉಳುತ್ತಿರುವವನು. ಅವನಿಗೆ ಯಾರೂ ಗೇಣಿ ಕೊಟ್ಟಿಲ್ಲ. ಕಾಡಂಚಿನ ಜೇನುಕುರುಬರಿಗೂ ಯಾರೂ ಚೀಟಿ ಬರೆದುಕೊಟ್ಟಿಲ್ಲ. ಹಾಗಿದ್ದರೆ ಅವರನ್ನು ‘ಒಕ್ಕಲೆಬ್ಬಿಸಿದರು’ ಅನ್ನುವುದು ತಪ್ಪಲ್ಲವೇ? ತಪ್ಪಲ್ಲ ಅಂತ ನನ್ನ ಲೆಕ್ಕ. ಗೇಣಿ ಎಂಬುದು ಒಕ್ಕಲಿನ ಒಂದು ಅರ್ಥ ಮಾತ್ರ. ಒಂದು ಕಡೆ ನೆಲೆ ನಿಂತು, ಅಲ್ಲೇ ದುಡಿದು ತಿನ್ನುವವರೆಲ್ಲ ಒಕ್ಕಲೇ. ಜನ ಆ ಅರ್ಥದಲ್ಲೇ ಬಳಸುತ್ತಾರೆ, ಸರಿಯಾಗಿಯೇ ಬಳಸುತ್ತಾರೆ.

ಬಗರ್‌ಹುಕುಂನವರ ಬದುಕು ಸಕ್ರಮಕ್ಕೆ ಹಾಕುವ ಅರ್ಜಿ ನಮೂನೆಗಳ ಸಂಖ್ಯೆಯಲ್ಲಿ ಸಾಗಿದೆ: ಮೊದಲು ನಮೂನೆ 50, ಆಮೇಲೆ 53, ಆಮೇಲೆ 57. ಅರ್ಜಿ ಬಾಕಿ ಇರುವವರೆಗೆ ಎಬ್ಬಿಸುವುದಿಲ್ಲ ಎಂಬ ಭರವಸೆ, ಎಬ್ಬಿಸುತ್ತಾರೇನೋ ಎಂಬ ಭಯ, ಎರಡೂ ಜೊತೆಗೇ ಇರುತ್ತವೆ. ಅರಣ್ಯದ ವಿಷಯದಲ್ಲಿ ಮಾತು ಇನ್ನೂ ಖಚಿತ. 2006ರ ಅರಣ್ಯ ಹಕ್ಕು ಕಾಯ್ದೆಯ 4(5)ನೇ ಸೆಕ್ಷನ್ ಪ್ರಕಾರ ಹಕ್ಕಿನ ಅರ್ಜಿಯ ಪರಿಶೀಲನೆ ಮುಗಿಯುವವರೆಗೆ ಅಲ್ಲಿನವರನ್ನು ಎಬ್ಬಿಸುವಂತಿಲ್ಲ. ಪರಿಶೀಲನೆ ಮುಗಿದು ಅರ್ಜಿ ತಿರಸ್ಕಾರವಾದರೆ? 2019ರ ಫೆಬ್ರವರಿ 13ರಂದು ಸುಪ್ರೀಂ ಕೋರ್ಟ್ ಅಂಥವರನ್ನು ಹೊರಗೆ ಕಳಿಸಿ ಅಂದಿತು. ದೇಶದ ತುಂಬ ಗದ್ದಲವಾಯಿತು. ತಿರಸ್ಕಾರ ಮಾಡಿದ ರೀತಿಯೇ ಸರಿ ಇತ್ತಾ ಎಂಬ ಪ್ರಶ್ನೆ ಎದ್ದು, ಅದೇ ತಿಂಗಳ 28ರಂದು ಆ ಆದೇಶವನ್ನು ಕೋರ್ಟೇ ತಡೆಹಿಡಿಯಿತು.

ಅಣೆಕಟ್ಟಿನಿಂದ ಮನೆ ಕಳೆದುಕೊಂಡವರಿಗೆ ಈ ಪದ ಅಷ್ಟಾಗಿ ಬಳಕೆಯಲ್ಲಿಲ್ಲ. ಶರಾವತಿ ಕಣಿವೆಯವರು ತಮ್ಮನ್ನು ‘ಮುಳುಗಡೆಯವರು’ ಅನ್ನುತ್ತಾರೆ. ಎಬ್ಬಿಸಿದ್ದು ಸರ್ಕಾರವೇ ಆದರೂ ಪದದಲ್ಲಿ ನೀರಿನ ಮೇಲೆ ಹೊಣೆ ಹೋಗಿದೆ. ಅಧಿಕಾರಿಗಳ ವರ್ಗಾವಣೆಗೆ ‘ಎತ್ತಂಗಡಿ’ ಇದೆ, ಅದು ತಮಾಷೆಯ ಮಾತು. ಕಾಗೆ ಗೂಡಿನಿಂದ ಕೋಗಿಲೆಯನ್ನು ಒಕ್ಕಲೆಬ್ಬಿಸಿದ್ದು, ಪಕ್ಷದ ಕಚೇರಿಯಿಂದ ಹಿರಿಯ ನಾಯಕರನ್ನು ಒಕ್ಕಲೆಬ್ಬಿಸಿದ್ದು ಎಂಬ ಅಲಂಕಾರದ ಬಳಕೆಗಳೂ ಉಂಟು. ಹೀಗೆ ಕಂಡಕಂಡಲ್ಲಿ ಬಳಸಿದಷ್ಟೂ ಪದ ಸವೆಯುತ್ತದೆ.

ಇನ್ನು ಪೇಟೆಯ ಬಾಡಿಗೆದಾರರು. ಇಲ್ಲಿ ಸಾಮಾನ್ಯವಾಗಿ ‘ಮನೆ ಖಾಲಿ ಮಾಡಿಸಿದರು’ ಸಾಕು. ಆದರೆ ನಲವತ್ತು ವರ್ಷದಿಂದ ಅದೇ ಗಲ್ಲಿಯಲ್ಲಿ ಹೊಲಿಗೆ ಅಂಗಡಿ ಇಟ್ಟು ಮೇಲಿನ ಕೋಣೆಯಲ್ಲಿ ಸಂಸಾರ ಮಾಡಿದವರನ್ನು ಕಟ್ಟಡ ಕೆಡವಲು ಹೊರಗೆ ಕಳಿಸಿದರೆ, ಅದು ಒಕ್ಕಲೆಬ್ಬಿಸುವುದೇ. ಭೋಗ್ಯಕ್ಕೆ ಲಕ್ಷಗಟ್ಟಲೆ ಕೊಟ್ಟು ಮನೆ ಸೇರಿದವರ ಕಥೆ ಇನ್ನೂ ಕೆಟ್ಟದ್ದು. ಓನರ್ ಆ ಮನೆಯ ಮೇಲೆ ಸಾಲ ಮಾಡಿರುವುದನ್ನು ಹೇಳಿರುವುದಿಲ್ಲ, ಕಂತು ಕಟ್ಟಿರುವುದಿಲ್ಲ. ಬ್ಯಾಂಕಿನವರು ಬಂದು ಗೋಡೆಗೆ ನೋಟಿಸ್ ಅಂಟಿಸಿದಾಗಲೇ ಗೊತ್ತಾಗುವುದು. ಮನೆಯೂ ಹೋಯಿತು, ಕೊಟ್ಟ ದುಡ್ಡೂ ಹೋಯಿತು.

ಬಾಡಿಗೆದಾರರಿಗೆ ರಕ್ಷಣೆ ಕೊಡುವ ಕಾಯ್ದೆ ಇದೆ ಅಂತ ಎಲ್ಲರೂ ಕೇಳಿರುತ್ತಾರೆ. 1999ರ ಕರ್ನಾಟಕ ಬಾಡಿಗೆ ಕಾಯ್ದೆ ಅದು, ಜಾರಿಗೆ ಬಂದದ್ದು 2001ರ ಡಿಸೆಂಬರ್ 31ಕ್ಕೆ. ಇಂತಿಂಥ ಕಾರಣಕ್ಕೆ ಮಾತ್ರ ಎಬ್ಬಿಸಬಹುದು ಅಂತ ಅದರಲ್ಲಿ ಪಟ್ಟಿ ಇದೆ. ಆದರೆ ದೊಡ್ಡ ಊರುಗಳಲ್ಲಿ ತಿಂಗಳ ಬಾಡಿಗೆ 3500 ರೂಪಾಯಿ, ಉಳಿದ ಕಡೆ 2000 ರೂಪಾಯಿ ದಾಟಿದರೆ ಆ ಕಾಯ್ದೆ ಅನ್ವಯವೇ ಆಗದು ಎಂದು ಅದರಲ್ಲೇ ಬರೆದಿದ್ದಾರೆ. ಬೆಂಗಳೂರಿನಲ್ಲಿ 3500ಕ್ಕೆ ಇವತ್ತು ಒಂದು ಪಿಜಿ ಹಾಸಿಗೆಯೂ ಕಷ್ಟ. ಹಾಗಾಗಿ ಹೆಚ್ಚಿನವರು 1882ರ ಸ್ವತ್ತು ವರ್ಗಾವಣೆ ಕಾಯ್ದೆಯ ಕೆಳಗೆ ಬರುತ್ತಾರೆ. ಅದರ 106ನೇ ಸೆಕ್ಷನ್ ಪ್ರಕಾರ, ಬೇರೆ ಕರಾರು ಇಲ್ಲದಿದ್ದರೆ, ತಿಂಗಳ ಬಾಡಿಗೆಗೆ ಇರುವವರಿಗೆ 15 ದಿನದ ನೋಟಿಸ್ ಸಾಕು. ನಾವೆಲ್ಲ ಸಹಿ ಹಾಕುವ 11 ತಿಂಗಳ ಅಗ್ರಿಮೆಂಟಿನ ಗುಟ್ಟೂ ಇಷ್ಟೇ: ವರ್ಷ ದಾಟಿದ ಕರಾರನ್ನು ಕಡ್ಡಾಯ ನೋಂದಣಿ ಮಾಡಿಸಬೇಕು, ಆ ಖರ್ಚು ಯಾರಿಗೂ ಬೇಡ.

ಆದರೆ ನೋಟಿಸ್ ಕೊಡುವುದು ಬೇರೆ, ಎಬ್ಬಿಸುವುದು ಬೇರೆ. ನೋಟಿಸ್ ಅವಧಿ ಮುಗಿದ ಮೇಲೂ ಬಾಡಿಗೆದಾರ ಹೋಗದಿದ್ದರೆ ಓನರ್ ಕೋರ್ಟಿಗೆ ಹೋಗಬೇಕು, ಆದೇಶ ತರಬೇಕು. ಯುಗಾದಿಗೆ ಊರಿಗೆ ಹೋದವರು ವಾಪಸು ಬರುವಷ್ಟರಲ್ಲಿ ಬಾಗಿಲಿಗೆ ಬೇರೆ ಬೀಗ, ಸಾಮಾನೆಲ್ಲ ಮೆಟ್ಟಿಲ ಕೆಳಗೆ, ಹೀಗೆ ಮಾಡುವ ಹಕ್ಕು ಯಾವ ಮಾಲೀಕರಿಗೂ ಇಲ್ಲ. ಹಾಗೆ ಆದರೆ 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಸೆಕ್ಷನ್ ಇದೆ. ಕಾನೂನಿನ ದಾರಿ ಬಿಟ್ಟು ಹೊರಹಾಕಿದ್ದಾರೆ ಅಂತ ತೋರಿಸಿದರೆ ಸಾಕು, ಮನೆ ಯಾರದು ಎಂಬ ಪ್ರಶ್ನೆಗೇ ಹೋಗದೆ ಕೋರ್ಟ್ ಸ್ವಾಧೀನವನ್ನು ವಾಪಸು ಕೊಡಿಸಬಹುದು. ಒಂದೇ ಷರತ್ತು, ಹೊರಹಾಕಿದ 6 ತಿಂಗಳೊಳಗೆ ದಾವೆ ಹಾಕಬೇಕು. ಠಾಣೆಗೆ ಹೋದರೆ ‘ಇದು ಸಿವಿಲ್ ಮ್ಯಾಟರು’ ಅನ್ನುವ ಉತ್ತರ ಸಿಗುವುದು ಮಾಮೂಲು. ಅಲ್ಲಿ ಓಡಾಡುತ್ತಲೇ ಈ 6 ತಿಂಗಳು ಕಳೆದುಬಿಡುವವರು ಬಹಳ. ಬಾಡಿಗೆ ಕಟ್ಟಿದ ಬ್ಯಾಂಕ್ ದಾಖಲೆ, ಕರೆಂಟ್ ಬಿಲ್, ಗ್ಯಾಸ್ ಬುಕ್, ಬಾಗಿಲ ಮುಂದೆ ಬಿದ್ದ ಸಾಮಾನಿನ ಫೋಟೊ, ಇವನ್ನೆಲ್ಲ ಮೊದಲ ದಿನವೇ ಜೋಡಿಸಿಕೊಳ್ಳಬೇಕು. ಕಾಗೋಡಿನವರು ಕೇಳಿದ ರಸೀದಿಯ ಕೆಲಸವನ್ನೇ ಈಗ ಇವು ಮಾಡುತ್ತವೆ.

ಈ 6ನೇ ಸೆಕ್ಷನ್ನಿಗೂ ಒಂದು ಮಿತಿ ಇದೆ: ಎಬ್ಬಿಸಿದ್ದು ಸರ್ಕಾರವಾದರೆ ಇದರ ಕೆಳಗೆ ದಾವೆ ಹೂಡಲು ಬರುವುದಿಲ್ಲ. ಕೊಳೆಗೇರಿ, ಫುಟ್‌ಪಾತ್‌ನವರು ಬೇರೆ ದಾರಿ ಹುಡುಕಬೇಕು. ಅವರ ಪಾಲಿಗೆ ದೊಡ್ಡ ತೀರ್ಪು ಬಂದದ್ದು 1985ರಲ್ಲಿ, ಓಲ್ಗಾ ಟೆಲ್ಲಿಸ್ ಪ್ರಕರಣದಲ್ಲಿ. ಮುಂಬೈನ ಫುಟ್‌ಪಾತ್‌ನಲ್ಲಿ ಮಲಗುವವರು ಅಲ್ಲಿರುವುದೇ ಹತ್ತಿರದಲ್ಲಿ ಕೆಲಸ ಸಿಗುತ್ತದೆ ಅಂತ. ಅಲ್ಲಿಂದ ಎಬ್ಬಿಸಿದರೆ ಅವರ ಹೊಟ್ಟೆಪಾಡೂ ಹೋಗುತ್ತದೆ. ಹೊಟ್ಟೆಪಾಡು ಇಲ್ಲದೆ ಬದುಕುವ ಹಕ್ಕಿಗೆ ಅರ್ಥವಿಲ್ಲ ಎಂದಿತು ಸುಪ್ರೀಂ ಕೋರ್ಟ್. ನೆಲೆ, ದುಡಿಮೆ ಎರಡೂ ಒಂದೇ ಎಂಬ ಈ ಮಾತು ‘ಒಕ್ಕಲು’ ಎಂಬ ಪದದೊಳಗೇ ಕೂತಿತ್ತು. ಅಷ್ಟು ಹೇಳಿಯೂ ಕೋರ್ಟ್ ಅವರನ್ನು ಅಲ್ಲೇ ಉಳಿಸಲಿಲ್ಲ. ಮಳೆಗಾಲ ಕಳೆಯಲಿ, ಅಕ್ಟೋಬರ್ 31ರವರೆಗೆ ಮುಟ್ಟಬೇಡಿ, ಆಮೇಲೆ ಎಬ್ಬಿಸಬಹುದು ಎಂದಿತು.

ಕರ್ನಾಟಕದಲ್ಲಿ ಸರ್ಕಾರಿ ಕಟ್ಟಡ, ಜಾಗಗಳಿಂದ ಜನರನ್ನು ಎಬ್ಬಿಸಲು ಒಂದು ಪ್ರತ್ಯೇಕ ಕಾಯ್ದೆಯೂ ಇದೆ. ಅಧಿಕಾರಿ ನೋಟಿಸ್ ಕೊಡಬೇಕು, ಉತ್ತರ ಕೇಳಬೇಕು, ಆದೇಶ ಬಂದ ಮೇಲೆ ಜಿಲ್ಲಾ ನ್ಯಾಯಾಧೀಶರಿಗೆ ಮೇಲ್ಮನವಿ ಹಾಕಬಹುದು. ಆ ಕಾಯ್ದೆಯ ವರ್ಷ 1974. ಉಳುವವನಿಗೆ ಹೊಲದ ಒಡೆತನ ಕೊಟ್ಟದ್ದೂ ಅದೇ ವರ್ಷ.